ಮರಳುತೊಟ್ಟಿಯನ್ನು ತೊರೆಯುವ ಬೆಕ್ಕು

ಬೆಕ್ಕು ತನ್ನ ಮಲಮೂತ್ರಗಳನ್ನು ಮಣ್ಣಿನಲ್ಲಿ ಮುಚ್ಚುವ ಪ್ರಾಣಿಯೆಂಬುದು ಎಲ್ಲರೂ ಬಲ್ಲ ಸಂಗತಿ. ಮುಂಗಾಲಿನಿಂದ ನೆಲವನ್ನು ಕೆದಕಿ ಕುಳಿ ಮಾಡುವುದು, ವಿಸರ್ಜನೆಯ ತರುವಾಯ ಹಿಂತಿರುಗಿ ಮೂಸಿ ನೋಡುವುದು, ಅಕ್ಕಪಕ್ಕದ ಮಣ್ಣನ್ನು ಅದರ ಮೇಲೆ ಎಳೆದು, ಏನೂ ನಡೆಯಲಿಲ್ಲವೆಂಬಂತೆ ಹೊರಟುಹೋಗುವುದು, ಇವೆಲ್ಲ ಹಳ್ಳಿಯ ಮಕ್ಕಳಿಗೂ ಪರಿಚಿತವಾದ ದೃಶ್ಯಗಳು. ನಾಯಿಗೆ ಜಗಲಿಯೇ ಮೇರೆಯಾಗಿರುವ ಮನೆಗಳಲ್ಲಿ ಬೆಕ್ಕು ಅಡುಗೆಮನೆಯ ಒಲೆಯ ಮಗ್ಗುಲಿನವರೆಗೂ ಪ್ರವೇಶ ಪಡೆದಿರುವುದಕ್ಕೆ ಇಲಿಗಳ ಕಾಟ ಒಂದು ಕಾರಣವಾದರೆ, ಈ ಶುಚಿಯಾದ ಸ್ವಭಾವ ಇನ್ನೊಂದು ಕಾರಣ. ಹೀಗಿರುವಲ್ಲಿ, ತನಗಾಗಿಯೇ ಇಟ್ಟಿರುವ ಮರಳಿನ ತೊಟ್ಟಿಯನ್ನು ಬಿಟ್ಟು ಬೆಕ್ಕು ಹಾಸಿಗೆಯ ಮೇಲೋ ಬಟ್ಟೆಯ ಗಂಟಿನಲ್ಲೋ ಧಾನ್ಯದ ರಾಶಿಯಲ್ಲೋ ವಿಸರ್ಜಿಸತೊಡಗಿದರೆ ಮನೆಯವರಿಗೆ ಸಿಟ್ಟಿನೊಡನೆ ಆಶ್ಚರ್ಯವೂ ಉಂಟಾಗುವುದು ಸಹಜ. ಬೆಕ್ಕಿಗೆ ಹೊಟ್ಟೆಕಿಚ್ಚು, ಬೆಕ್ಕು ಹಟ ಸಾಧಿಸುತ್ತಿದೆ, ಬೆಕ್ಕು ಸೇಡು ತೀರಿಸಿಕೊಳ್ಳುತ್ತಿದೆ ಎಂಬ ವಿವರಣೆಗಳು ಆಗ ತಾವಾಗಿಯೇ ಹುಟ್ಟಿಕೊಳ್ಳುತ್ತವೆ. ಪ್ರಾಣಿವರ್ತನೆಯ ಅಧ್ಯಯನ ಈ ವಿವರಣೆಗಳಲ್ಲಿ ಯಾವುದನ್ನೂ ಸಮರ್ಥಿಸುವುದಿಲ್ಲ. ತೊಟ್ಟಿಯನ್ನು ತೊರೆಯುವ ಬೆಕ್ಕಿಗೆ ಒಂದೋ ದೇಹದಲ್ಲಿ ನೋವಿರುತ್ತದೆ, ಇಲ್ಲವೇ ತೊಟ್ಟಿಯಲ್ಲಿ ಅಥವಾ ಅದನ್ನು ಇಟ್ಟಿರುವ ಜಾಗದಲ್ಲಿ ಅದಕ್ಕೆ ಒಗ್ಗದ ಏನೋ ಇರುತ್ತದೆ. ಇದನ್ನು ಸ್ವಲ್ಪ ವಿಸ್ತಾರವಾಗಿ ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ವಿಷಯ ಕ್ಷುಲ್ಲಕವೆಂದು ಕೆಲವರಿಗೆ ತೋರಬಹುದು. ಅದರ ಪರಿಣಾಮವಂತೂ ಕ್ಷುಲ್ಲಕವಲ್ಲ. ಬೆಕ್ಕನ್ನು ಕೊಲ್ಲುವುದು ದೊಡ್ಡ ಪಾಪವೆಂಬ ನಂಬಿಕೆ ನಮ್ಮ ಜನರಲ್ಲಿ ಬಲವಾಗಿರುವುದರಿಂದ, ಮನೆಯಲ್ಲಿ ಹೊಲಸು ಮಾಡುವ ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿ ಕೆರೆಯ ಆಚೆಗೋ ಸಂತೆಯ ಮೈದಾನಕ್ಕೋ ಒಯ್ದು ಬಿಟ್ಟುಬರುವುದು ರೂಢಿಯಾಗಿದೆ. ಕೊಂದ ಪಾಪ ತಟ್ಟಲಿಲ್ಲವೆಂಬ ಸಮಾಧಾನ ಬಿಟ್ಟುಬಂದವರಿಗೆ ಇರಬಹುದು. ಮನೆಯ ಅನ್ನಕ್ಕೆ ಒಗ್ಗಿದ ಬೆಕ್ಕು ನಾಯಿಗಳ ನಡುವೆ ಹೆಚ್ಚು ದಿನ ಬದುಕುವುದು ಕಷ್ಟ. ಹಸಿವು ನೀರಡಿಕೆಗಳಿಂದ ನರಳುವ ಸಂಭವವಿರುವ ಸ್ಥಿತಿಯಲ್ಲಿ ಪ್ರಾಣಿಯನ್ನು ಯುಕ್ತ ಕಾರಣವಿಲ್ಲದೆ ತೊರೆಯುವುದು ೧೯೬೦ರ ಪ್ರಾಣಿಹಿಂಸಾ ನಿವಾರಣಾ ಅಧಿನಿಯಮದ ೧೧ನೆಯ ಪ್ರಕರಣದ ಪ್ರಕಾರ ಅಪರಾಧವೂ ಹೌದು. ಹೀಗೆ ಹೊರಹಾಕಲ್ಪಡುವ ಬೆಕ್ಕುಗಳಲ್ಲಿ ಮೂತ್ರರೋಗದಿಂದ ನರಳುತ್ತಿರುವವೂ ಇರುತ್ತವೆಂಬುದನ್ನು ನೆನೆದರೆ, ಈ ಪ್ರಶ್ನೆಯನ್ನು ಸರಿಯಾಗಿ ತಿಳಿಯುವುದು ಏಕೆ ಅಗತ್ಯವೆಂಬುದು ಸ್ಪಷ್ಟವಾಗುತ್ತದೆ.

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಹಳ್ಳಿಮನೆಗಳಲ್ಲಿ ಹಿಂದಿನ ತಲೆಮಾರಿನವರಿಗೆ ಈ ತೊಡಕು ಅಷ್ಟಾಗಿ ಕಾಡಿರಲಾರದು. ಮನೆಯ ಹಿಂದೆ ಹಿತ್ತಿಲು, ಹಿತ್ತಿಲಿನಾಚೆ ತಿಪ್ಪೆ, ಅದರ ಮಗ್ಗುಲಲ್ಲಿ ಬೂದಿಯ ಗುಡ್ಡೆ, ಮುಂದೆ ಹೋದರೆ ಹಿಪ್ಪುನೇರಳೆ ತೋಟದ ಅಗೆದ ಕೆಂಪು ಮಣ್ಣು. ಬೆಕ್ಕಿಗೆ ಬೇಕಾದ ಸಡಿಲವಾದ ನೆಲ ಎಲ್ಲೆಡೆಯೂ ಇದ್ದಿತು. ಅದು ಎಲ್ಲಿಗೆ ಹೋಗಿ ಬರುತ್ತಿತ್ತೆಂದು ಯಾರೂ ವಿಚಾರಿಸುತ್ತಿರಲಿಲ್ಲ. ೨೦೦೮ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಪ್ರಾರಂಭವಾದ ಮೇಲೆ ಈ ಸೀಮೆಯಲ್ಲಿ ಬಡಾವಣೆಗಳೂ ಬಹುಮಹಡಿ ವಸತಿಗಳೂ ವೇಗವಾಗಿ ಎದ್ದವು. ಹಳ್ಳಿಗಳಲ್ಲಿಯೂ ಸಗಣಿ ಸಾರಿಸುತ್ತಿದ್ದ ಅಂಗಳಕ್ಕೆ ಸಿಮೆಂಟು, ಬೀದಿಗೆ ಕಾಂಕ್ರೀಟು, ಮನೆಯೊಳಕ್ಕೆ ನುಣುಪಾದ ಹೆಂಚುಗಲ್ಲು ಬಂದಿವೆ. ದನದ ಕೊಟ್ಟಿಗೆಯಲ್ಲಿ ಹುಟ್ಟಿ, ಕಣ್ಣುಬಿಟ್ಟಂದಿನಿಂದ ಕೆಂಪು ಮಣ್ಣನ್ನೇ ಕೆದಕಿದ ಮರಿಯನ್ನು ಬಂಧುಗಳೊಬ್ಬರು ಮೂರನೆಯ ಮಹಡಿಯ ಮನೆಗೆ ತಂದು, ಸುಗಂಧ ಬೆರೆಸಿದ ಗುಳಿಗೆಗಳ ತೊಟ್ಟಿಯ ಮುಂದೆ ಇಳಿಸಿದರೆ, ಅದು ಗುಳಿಗೆಗಳನ್ನು ಬಿಟ್ಟು ಬಾಲ್ಕನಿಯ ತುಳಸಿಕುಂಡವನ್ನು ಆರಿಸಿಕೊಳ್ಳುವುದರಲ್ಲಿ ವಿಚಿತ್ರವೇನೂ ಇಲ್ಲ.

ಈ ಆಯ್ಕೆಯ ಮೂಲವನ್ನು ಅರಿಯಲು ಬೆಕ್ಕಿನ ಪೂರ್ವಜರತ್ತ ಒಮ್ಮೆ ನೋಡಬೇಕು. ನಮ್ಮ ಕೆರೆಯಂಚಿನ ಪೊದೆಗಳಲ್ಲಿಯೂ ಕಬ್ಬಿನ ಗದ್ದೆಗಳಲ್ಲಿಯೂ ಕಾಣಸಿಗುವ ಕಾಡುಬೆಕ್ಕು ಮನೆಬೆಕ್ಕಿನ ಪೂರ್ವಜನಲ್ಲ. ಮನೆಬೆಕ್ಕು ಪಶ್ಚಿಮ ಏಷ್ಯ ಮತ್ತು ಉತ್ತರ ಆಫ್ರಿಕದ ಒಣಭೂಮಿಯ ಬೆಕ್ಕಾದ ಫೇಲಿಸ್ ಲಿಬಿಕಾ ಎಂಬ ಪ್ರಭೇದದಿಂದ ಬಂದುದೆಂದು ೨೦೦೭ರಲ್ಲಿ ಪ್ರಕಟವಾದ ಆನುವಂಶಿಕ ಪರೀಕ್ಷೆಗಳು ತೋರಿಸಿಕೊಟ್ಟವು. ಸೈಪ್ರಸ್ ದ್ವೀಪದ ಶಿಲ್ಲೂರೋಕಾಂಬೋಸ್ ಎಂಬ ನೆಲೆಯಲ್ಲಿ ಸುಮಾರು ೯,೫೦೦ ವರ್ಷಗಳಷ್ಟು ಹಳೆಯ ಸಮಾಧಿಯೊಂದರಲ್ಲಿ ಮನುಷ್ಯನ ಬಳಿ ಬೆಕ್ಕನ್ನೂ ಹೂಳಿದ್ದುದು ೨೦೦೪ರಲ್ಲಿ ವರದಿಯಾಯಿತು. ಮನುಷ್ಯನಿಗೂ ಬೆಕ್ಕಿಗೂ ಇರುವ ನಂಟು ಎಷ್ಟು ಹಳೆಯದೆಂಬುದಕ್ಕೆ ಇದು ಸಾಕ್ಷಿ. ಒಣಭೂಮಿಯ ಈ ವಂಶದಿಂದ ಬೆಕ್ಕಿಗೆ ಎರಡು ಗುಣಗಳು ಬಂದಿವೆ. ಮರಳಿನಂಥ ಸಡಿಲವಾದ ನೆಲದಲ್ಲಿ ವಿಸರ್ಜಿಸುವ ಒಲವು ಒಂದು. ನೀರನ್ನು ಅತಿ ಮಿತವಾಗಿ ಕುಡಿದು ಮೂತ್ರವನ್ನು ಗಾಢವಾಗಿ ಮಾಡಿಕೊಳ್ಳುವ ಸಾಮರ್ಥ್ಯ ಇನ್ನೊಂದು. ಮೊದಲನೆಯದು ತೊಟ್ಟಿಯ ಬಳಕೆಗೆ ಆಧಾರವಾಗಿದೆ. ಎರಡನೆಯದು, ಮುಂದೆ ತಿಳಿಯುವಂತೆ, ರೋಗಕ್ಕೆ ಎಡೆಮಾಡಿಕೊಡುತ್ತದೆ.

ಮರಿಗೆ ಮೊದಲ ಕೆಲವು ವಾರ ತಾಯಿ ನೆಕ್ಕಿ ಪ್ರಚೋದಿಸದೆ ವಿಸರ್ಜನೆಯಾಗುವುದಿಲ್ಲ. ಸುಮಾರು ನಾಲ್ಕನೆಯ ವಾರದಲ್ಲಿ ಅದು ತಾನಾಗಿಯೇ ಸಡಿಲವಾದ ವಸ್ತುವನ್ನು ಹುಡುಕಿ ಕೆದಕಲಾರಂಭಿಸುತ್ತದೆ. ಕೆದಕುವುದನ್ನು ಅದಕ್ಕೆ ಕಲಿಸಬೇಕಾಗಿಲ್ಲ. ಆದರೆ ಯಾವ ವಸ್ತುವಿನಲ್ಲಿ ಕೆದಕಬೇಕೆಂಬ ಒಲವು ಆ ವಯಸ್ಸಿನ ಅನುಭವದಿಂದ ಬಹುಮಟ್ಟಿಗೆ ರೂಪುಗೊಳ್ಳುತ್ತದೆ. ರಾಗಿಯ ರಾಶಿಯಲ್ಲಿ ಬೆಕ್ಕು ವಿಸರ್ಜಿಸುವುದನ್ನು ಮನೆಯವರು ಕೇಡಿನ ಕೆಲಸವೆಂದು ತಿಳಿಯುತ್ತಾರೆ. ಒಂದೆರಡು ಮಿಲಿಮೀಟರ್ ಗಾತ್ರದ ಉರುಟು ಕಾಳುಗಳ ರಾಶಿ ಬೆಕ್ಕಿನ ಅಂಗಾಲಿಗೆ ಒಳ್ಳೆಯ ಒಣಮರಳೇ ಸರಿ. ಕಣಜದ ಬಾಗಿಲನ್ನು ಮುಚ್ಚುವುದು ಬೆಕ್ಕನ್ನು ಹೊಡೆಯುವುದಕ್ಕಿಂತ ಸುಲಭವೂ ಹೌದು, ಫಲಕಾರಿಯೂ ಹೌದು.

ಅಂಗಡಿಗಳಲ್ಲಿ ‘ಲಿಟರ್’ ಎಂಬ ಹೆಸರಿನಿಂದ ಮಾರಾಟವಾಗುವ ಪದಾರ್ಥದ ಇತಿಹಾಸವೂ ಇಲ್ಲಿ ಸ್ಮರಣೀಯ. ಶೀತದೇಶಗಳಲ್ಲಿ ಬೆಕ್ಕುಗಳಿಗಾಗಿ ಮರಳು, ಬೂದಿ, ಮರದ ಹೊಟ್ಟುಗಳನ್ನು ಪೆಟ್ಟಿಗೆಯಲ್ಲಿ ಇಡುವ ವಾಡಿಕೆಯಿದ್ದಿತು. ೧೯೪೭ರ ಚಳಿಗಾಲದಲ್ಲಿ ಅಮೆರಿಕದ ಮಿಷಿಗನ್ ಪ್ರಾಂತದಲ್ಲಿ ಹೆಂಗಸೊಬ್ಬಳು, ತನ್ನ ಮರಳಿನ ಗುಡ್ಡೆ ಹೆಪ್ಪುಗಟ್ಟಿದ್ದುದರಿಂದ, ನೆರೆಯ ಎಡ್ವರ್ಡ್ ಲೋ ಎಂಬಾತನ ಬಳಿ ಮರಳು ಕೇಳಿದಳಂತೆ. ಕಾರ್ಖಾನೆಗಳಲ್ಲಿ ಚೆಲ್ಲಿದ ಎಣ್ಣೆಯನ್ನು ಹೀರಲು ತಾನು ಮಾರುತ್ತಿದ್ದ ಹರಳುಹರಳಾದ ಜೇಡಿಯನ್ನು ಆತ ಕೊಟ್ಟ, ಬೆಕ್ಕು ಒಪ್ಪಿತು. ಅದೊಂದು ದೊಡ್ಡ ವ್ಯಾಪಾರವಾಯಿತು. ನಮ್ಮ ಹೆಂಗಸರು ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿ ಆ ಜೇಡಿಯ ಜಾತಿಯದೇ. ತೇವ ತಗುಲಿದೊಡನೆ ಉಂಡೆಗಟ್ಟುವ ಬೆಂಟೊನೈಟ್ ಜೇಡಿ ಬಳಕೆಗೆ ಬಂದದ್ದು ೧೯೮೦ರ ದಶಕದಲ್ಲಿ. ಇದರ ಕಣಗಳು ತೆಳುವಾದ ಪದರಗಳಿಂದ ರಚಿತವಾಗಿದ್ದು, ಪದರಗಳ ನಡುವೆ ನೀರು ಸೇರಿ ಉಬ್ಬುವುದರಿಂದ ಮೂತ್ರ ಬಿದ್ದ ಭಾಗ ಗಟ್ಟಿಯಾಗಿ ಬೇರ್ಪಡುತ್ತದೆ. ನಮ್ಮ ದೇಶದಲ್ಲಿ ಇದು ಗುಜರಾತಿನ ಕಚ್ಛ ಮತ್ತು ರಾಜಸ್ಥಾನದ ಬಾಡಮೇರ್ ಕಡೆಗಳಲ್ಲಿ ದೊರೆಯುತ್ತದೆ.

ಇನ್ನು ಕಾರಣಗಳ ವಿಚಾರ. ಎಲ್ಲಕ್ಕಿಂತ ಮೊದಲು ಪರಿಶೀಲಿಸತಕ್ಕದ್ದು ರೋಗ. ಇದನ್ನು ಒತ್ತಿ ಹೇಳಬೇಕಾಗಿದೆ. ಏಕೆಂದರೆ ಇಲ್ಲಿ ತಡವಾದರೆ ಬೆಕ್ಕು ಸಾಯುತ್ತದೆ. ಬೆಕ್ಕು ಸ್ವಭಾವತಃ ಕಡಮೆ ನೀರು ಕುಡಿಯುವುದರಿಂದಲೂ, ಒಣ ಆಹಾರದ ಗುಳಿಗೆಗಳನ್ನೇ ತಿನ್ನುವ ಬೆಕ್ಕಿಗೆ ಆಹಾರದಿಂದಲೂ ನೀರು ದೊರೆಯದಿರುವುದರಿಂದಲೂ, ಅದರ ಗಾಢವಾದ ಮೂತ್ರದಲ್ಲಿ ಹರಳುಗಳು ಉಂಟಾಗುವ ಸಂಭವವಿದೆ. ಗಂಡುಬೆಕ್ಕಿನ ಮೂತ್ರಮಾರ್ಗ ಬಹಳ ಕಿರಿದು. ಹರಳು ಮತ್ತು ಲೋಳೆಗಳ ಬಿರಡೆಯೊಂದು ಅಲ್ಲಿ ಸಿಕ್ಕಿಕೊಂಡರೆ ಮೂತ್ರ ಪೂರ್ಣವಾಗಿ ಕಟ್ಟಿಹೋಗುತ್ತದೆ. ಬೆಕ್ಕು ತೊಟ್ಟಿಗೆ ಹೋಗಿ ಕುಳಿತು ತಿಣುಕುತ್ತದೆ, ಏನೂ ಬಾರದೆ ಹೊರಬರುತ್ತದೆ, ಸ್ನಾನದ ಮನೆಗೆ ಹೋಗಿ ಕೂರುತ್ತದೆ, ಮತ್ತೆ ಹಾಸಿಗೆಯ ಮೇಲೆ ಕೂರುತ್ತದೆ. ನಡುನಡುವೆ ಕೂಗುತ್ತದೆ, ಗುಹ್ಯಭಾಗವನ್ನು ನೆಕ್ಕಿಕೊಳ್ಳುತ್ತದೆ. ನೋಡಿದವರು ಅದಕ್ಕೆ ಮಲಬದ್ಧತೆಯೆಂದು ತಿಳಿದು ಎಣ್ಣೆ ಕುಡಿಸುವುದುಂಟು. ಅಷ್ಟರಲ್ಲಿ ಹೊರಹೋಗಲಾರದ ಕಲ್ಮಷಗಳೂ ಪೊಟ್ಯಾಸಿಯಮ್ಮೂ ರಕ್ತದಲ್ಲಿ ಏರಿ ಹೃದಯದ ಗತಿಯನ್ನೇ ಕೆಡಿಸುತ್ತವೆ. ಪೂರ್ಣವಾಗಿ ಕಟ್ಟಿದ ಬೆಕ್ಕು ಚಿಕಿತ್ಸೆಯಿಲ್ಲದೆ ಎರಡು ಮೂರು ದಿನಗಳಲ್ಲಿ ಸಾಯಬಹುದು. ತಿಣುಕುತ್ತಿರುವ ಗಂಡುಬೆಕ್ಕಿನಿಂದ ಮೂತ್ರದ ಹನಿ ಬೀಳುತ್ತಿಲ್ಲವೆಂದು ಕಂಡೊಡನೆ, ರಾತ್ರಿಯೆನ್ನದೆ ಹಗಲೆನ್ನದೆ, ಪಶುವೈದ್ಯರಲ್ಲಿಗೆ ಒಯ್ಯಬೇಕು. ತಾಲ್ಲೂಕು ಕೇಂದ್ರಗಳ ಪಶು ಆಸ್ಪತ್ರೆಗಳಿಗೆ ಬರುವ ರೋಗಿಗಳಲ್ಲಿ ಹಸು, ಎಮ್ಮೆ, ಕುರಿಗಳೇ ಹೆಚ್ಚು. ಬೆಕ್ಕಿಗೆ ಮೂತ್ರನಳಿಕೆ ಹಾಕುವ ಸೌಕರ್ಯ ಅಲ್ಲಿರದಿದ್ದರೆ, ೧೯೫೮ರಲ್ಲಿ ಸ್ಥಾಪಿತವಾದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಈ ನಾಲ್ಕು ತಾಲ್ಲೂಕುಗಳಿಂದಲೂ ಕೆಲವು ಗಂಟೆಗಳ ಒಳಗೆ ತಲಪಬಹುದಾದಷ್ಟು ಹತ್ತಿರದಲ್ಲಿದೆ. ನೋವು ಶಮನವಾಗಲೆಂದು ಮನುಷ್ಯರ ಪ್ಯಾರಾಸಿಟಮಾಲ್ ಮಾತ್ರೆಯನ್ನು ಬೆಕ್ಕಿಗೆ ಕೊಡಲೇಬಾರದು. ಒಂದೇ ಮಾತ್ರೆ ಅದರ ಪ್ರಾಣಕ್ಕೆ ಎರವಾಗಬಲ್ಲುದು.

ಮೂತ್ರ ಕಟ್ಟದಿದ್ದರೂ ಉರಿಯುವ ಸ್ಥಿತಿಯೊಂದುಂಟು. ಸೋಂಕೂ ಕಾಣದೆ ಕಲ್ಲೂ ಕಾಣದೆ ಮೂತ್ರಕೋಶದಲ್ಲಿ ಉರಿಯೂತ ಉಂಟಾಗುವ ಈ ರೋಗ ಎಳೆಯ ಮತ್ತು ನಡುವಯಸ್ಸಿನ ಬೆಕ್ಕುಗಳಲ್ಲಿ ಬಹು ಸಾಮಾನ್ಯ. ಓಹಿಯೋ ಸ್ಟೇಟ್ ವಿಶ್ವವಿದ್ಯಾನಿಲಯದ ಟೋನಿ ಬಫಿಂಗ್ಟನ್ ಮತ್ತು ಅವರ ಸಹೋದ್ಯೋಗಿಗಳು ಇಂಥ ಬೆಕ್ಕುಗಳ ಮನೆಯ ಪರಿಸರವನ್ನು ಸುಧಾರಿಸಿದಾಗ ರೋಗಲಕ್ಷಣಗಳು ಗಣನೀಯವಾಗಿ ಇಳಿದುದನ್ನು ೨೦೦೬ರಲ್ಲಿ ವರದಿ ಮಾಡಿದರು. ಬೆಕ್ಕಿನ ಮನಸ್ಸಿನ ಉದ್ವೇಗ ಅದರ ಮೂತ್ರಕೋಶದ ಮೇಲೆ ಪರಿಣಾಮ ಮಾಡುತ್ತದೆಂಬುದು ಇದರಿಂದ ತಿಳಿಯುತ್ತದೆ. ಗೃಹಪ್ರವೇಶ, ಹೊಸ ಕೂಸು, ಮನೆ ತುಂಬ ನೆಂಟರು, ದೀಪಾವಳಿಯ ಪಟಾಕಿ ಇಂಥವುಗಳ ಮರುದಿನ ಬೆಕ್ಕು ಹೊಲಸು ಮಾಡಿದರೆ ಅದನ್ನು ಸೇಡೆಂದು ಕರೆಯುವ ಮುನ್ನ ಈ ಸಂಗತಿಯನ್ನು ನೆನೆಯಬೇಕು. ಮುದಿ ಬೆಕ್ಕುಗಳಲ್ಲಿ ಮೂತ್ರಪಿಂಡದ ದೌರ್ಬಲ್ಯವೂ ಸಿಹಿಮೂತ್ರರೋಗವೂ ಮೂತ್ರದ ಪ್ರಮಾಣವನ್ನೇ ಹೆಚ್ಚಿಸುತ್ತವೆ. ಭೇದಿಯಾದಾಗ ಯಾವ ಬೆಕ್ಕಾದರೂ ತೊಟ್ಟಿಯನ್ನು ಮುಟ್ಟುವಷ್ಟರಲ್ಲಿ ಸೋಲಬಹುದು.

ರೋಗ ವಾಸಿಯಾದ ಮೇಲೂ ಬೆಕ್ಕು ತೊಟ್ಟಿಗೆ ಹಿಂದಿರುಗದಿರುವುದುಂಟು. ಇದನ್ನು ವಿವರಿಸಲು ದೂರ ಹೋಗಬೇಕಾಗಿಲ್ಲ. ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಸಾಕು. ಅರಸನು ಬೆಕ್ಕು ಸಾಕಲೆಂದು ಹಸುವನ್ನು ಕೊಟ್ಟನು. ರಾಮಕೃಷ್ಣನು ಮೊದಲ ದಿನವೇ ಕುದಿಯುವ ಹಾಲನ್ನು ಬೆಕ್ಕಿನ ಮುಂದಿಟ್ಟನು. ಬಾಯಿ ಸುಟ್ಟುಕೊಂಡ ಬೆಕ್ಕು ಅಂದಿನಿಂದ ಹಾಲಿನ ಬಟ್ಟಲನ್ನು ಕಂಡರೆ ಓಡುತ್ತಿದ್ದಿತು. ಮನಶ್ಶಾಸ್ತ್ರಜ್ಞರು ಸಾಹಚರ್ಯದಿಂದ ಹುಟ್ಟುವ ವಿಮುಖತೆ ಎಂದು ಯಾವುದನ್ನು ಕರೆಯುತ್ತಾರೋ ಅದರ ನಿರ್ದುಷ್ಟವಾದ ಉದಾಹರಣೆ ಇದು. ಮೂತ್ರ ಮಾಡುವಾಗ ಉರಿದ ಬೆಕ್ಕು ಉರಿಯ ಕಾರಣವನ್ನು ತನ್ನ ಮೂತ್ರಕೋಶದಲ್ಲಿ ಹುಡುಕುವುದಿಲ್ಲ. ಆ ಕ್ಷಣದಲ್ಲಿ ತನ್ನ ಕಾಲಕೆಳಗಿದ್ದ ತೊಟ್ಟಿಗೆ ಅದನ್ನು ಅಂಟಿಸುತ್ತದೆ. ಮೆತ್ತನೆಯ ಹಾಸಿಗೆಯೂ ತಣ್ಣನೆಯ ನೆಲವೂ ಆ ನೋವಿನ ನೆನಪಿಲ್ಲದ ಜಾಗಗಳು. ಅಲ್ಲಿ ವಿಸರ್ಜಿಸಿದ ಬೆಕ್ಕನ್ನು ಹಿಡಿದು, ಅದರ ಮೂತಿಯನ್ನು ಹೊಲಸಿಗೆ ಉಜ್ಜಿ, ಅನಂತರ ತೊಟ್ಟಿಯಲ್ಲಿ ಕುಕ್ಕುವ ಪದ್ಧತಿ ಬಹು ಮನೆಗಳಲ್ಲಿದೆ. ಇದರಿಂದ ಬೆಕ್ಕು ಕಲಿಯುವುದು ಎರಡೇ ಪಾಠ: ತೊಟ್ಟಿಯಲ್ಲಿ ಹಿಂಸೆಯಾಗುತ್ತದೆ ಎಂಬುದು, ಮತ್ತು ಮನೆಯವರ ಕಣ್ಣಿಗೆ ಬೀಳದಂತೆ ಮಂಚದ ಕೆಳಗೆ ಹೋಗಬೇಕು ಎಂಬುದು. ಇಂಥ ಬೆಕ್ಕಿಗೆ ಹಳೆಯ ತೊಟ್ಟಿಯನ್ನೇ ತೊಳೆದಿಡುವುದಕ್ಕಿಂತ, ಬೇರೆ ಆಕಾರದ ತೊಟ್ಟಿಯನ್ನು ಬೇರೆ ಮಣ್ಣಿನೊಡನೆ ಬೇರೆ ಜಾಗದಲ್ಲಿ ಇಡುವುದು ಲೇಸು.

ರೋಗವಿಲ್ಲವೆಂದು ವೈದ್ಯರು ಹೇಳಿದ ಮೇಲೆ ತೊಟ್ಟಿಯನ್ನೇ ಪರೀಕ್ಷಿಸಬೇಕು. ಕೊಳಕಾಗಿರುವುದು ಅತ್ಯಂತ ಸಾಮಾನ್ಯವಾದ ದೋಷ. ದಿನಕ್ಕೊಮ್ಮೆಯಾದರೂ ಮಲವನ್ನೂ ಒದ್ದೆಯಾದ ಉಂಡೆಗಳನ್ನೂ ತೆಗೆಯದಿದ್ದರೆ ಬೆಕ್ಕು ಬೇರೆ ಜಾಗ ಹುಡುಕುವುದು ನ್ಯಾಯವೇ. ತೊಟ್ಟಿಯ ಉದ್ದ ಬೆಕ್ಕಿನ ಮೈಯುದ್ದದ ಒಂದೂವರೆಯಷ್ಟಿರಬೇಕೆಂದು ತಜ್ಞರ ಮತ. ಗಾರೆಕೆಲಸದ ಬಾಂಡ್ಲಿ ಮರಿಗೆ ಸಾಕಾದೀತು. ಬೆಳೆದ ಬೆಕ್ಕಿಗೆ ಅದು ಇಕ್ಕಟ್ಟು, ತಿರುಗುವಾಗ ಅಂಚಿನಿಂದ ಹೊರಗೆ ಬಿದ್ದ ಮಲಕ್ಕೆ ಬೆಕ್ಕನ್ನು ದೂರಿ ಫಲವಿಲ್ಲ. ಬಟ್ಟೆ ನೆನೆಸುವ ಅಗಲವಾದ ಪ್ಲಾಸ್ಟಿಕ್ ಟಬ್ಬು ಇದಕ್ಕೆ ಚೆನ್ನಾಗಿ ಒದಗುತ್ತದೆ. ಮನೆಯಲ್ಲಿ ಎಷ್ಟು ಬೆಕ್ಕುಗಳಿವೆಯೋ ಅಷ್ಟು ತೊಟ್ಟಿಗಳು, ಮೇಲೊಂದು ಹೆಚ್ಚಿಗೆ, ಎಂಬುದು ರೂಢಿಯ ಲೆಕ್ಕ. ಅವೆಲ್ಲವನ್ನೂ ಸಾಲಾಗಿ ಒಂದೇ ಮೂಲೆಯಲ್ಲಿಟ್ಟರೆ ಬೆಕ್ಕಿನ ಪಾಲಿಗೆ ಅದು ಒಂದೇ ತೊಟ್ಟಿ. ಬಲವಾದ ಬೆಕ್ಕು ದಾರಿಗಡ್ಡವಾಗಿ ಕುಳಿತರೆ ಉಳಿದವು ಹೋಗುವುದೆಲ್ಲಿಗೆ? ಪೀಟರ್ ಬೋರ್ಚೆಲ್ಟ್ ಎಂಬ ಅಮೆರಿಕದ ತಜ್ಞರು ೧೯೯೧ರಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿ ಬೆಕ್ಕುಗಳು ನಯವಾದ, ಸಣ್ಣ ಕಣದ ಜೇಡಿಯನ್ನು ಉಳಿದ ವಸ್ತುಗಳಿಗಿಂತ ಹೆಚ್ಚಾಗಿ ಆರಿಸಿಕೊಂಡವು. ಮಲ್ಲಿಗೆ, ನಿಂಬೆ ಮುಂತಾದ ವಾಸನೆಗಳನ್ನು ಕೂಡಿಸುವುದು ಕೊಳ್ಳುವವರ ಮೂಗಿನ ತೃಪ್ತಿಗಾಗಿಯೇ ಹೊರತು ಬೆಕ್ಕಿಗಾಗಿಯಲ್ಲ.

ಹಣ ಕೊಟ್ಟು ಲಿಟರ್ ಕೊಳ್ಳಲಾರದವರು, ಅಥವಾ ಕೊಳ್ಳಲು ಇಷ್ಟಪಡದವರು, ನಮ್ಮ ನೆಲದ ಮಣ್ಣನ್ನೇ ಬಳಸಬಹುದು. ಈ ತಾಲ್ಲೂಕುಗಳ ಕೆಂಪು ಮಣ್ಣು ಒಣಗಿದಾಗ ಬೆಕ್ಕಿಗೆ ಪ್ರಿಯವಾದದ್ದೇ. ಒದ್ದೆಯಾದರೆ ಅಂಟಿಕೊಳ್ಳುವುದು ಅದರ ದೋಷ. ಜರಡಿ ಹಿಡಿದು, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಅಷ್ಟೇ ಪ್ರಮಾಣದ ಸಣ್ಣ ಮರಳನ್ನು ಬೆರೆಸಿದರೆ ಅಂಟು ಕಡಮೆಯಾಗುತ್ತದೆ. ನದಿಮರಳು ದುರ್ಲಭವಾದ ಮೇಲೆ ಕಟ್ಟಡಗಳಿಗೆ ಬಳಸುವ ಎಂ-ಸ್ಯಾಂಡ್ ಎಂಬ ಪುಡಿಗಲ್ಲಿನ ಮರಳಿನ ಕಣಗಳಿಗೆ ಚೂಪಾದ ಅಂಚುಗಳಿರುತ್ತವೆ, ಧೂಳೂ ಹೆಚ್ಚು. ತೊಳೆದು ಜರಡಿ ಹಿಡಿಯದೆ ಅದನ್ನು ಉಪಯೋಗಿಸಬಾರದು. ಸಾಮಿಲ್ಲುಗಳ ಮರದ ಹೊಟ್ಟು ತೇವವನ್ನು ಚೆನ್ನಾಗಿ ಹೀರುತ್ತದೆ, ಕಾಲಿಗೆ ಹತ್ತಿ ಮನೆಯೆಲ್ಲ ಹರಡುತ್ತದೆ. ಒಲೆಯ ಬೂದಿ ಹಿಂದಿನಿಂದ ಬಳಕೆಯಲ್ಲಿದ್ದರೂ ಒದ್ದೆಯಾದಾಗ ಕ್ಷಾರಗುಣದಿಂದ ಅಂಗಾಲನ್ನು ಕೆರಳಿಸುವುದರಿಂದ ಅದನ್ನು ಒಂಟಿಯಾಗಿ ಬಳಸುವುದು ಸರಿಯಲ್ಲ. ಏನನ್ನು ಹಾಕಿದರೂ ಮೂರು ನಾಲ್ಕು ಬೆರಳಿನಷ್ಟು ಆಳವಿರಬೇಕು. ಯಾವುದು ತನಗೆ ಇಷ್ಟವೆಂಬುದನ್ನು ಬೆಕ್ಕಿನಿಂದಲೇ ತಿಳಿಯುವ ಉಪಾಯ ಬಹು ಸುಲಭ: ಒಂದೇ ಬಗೆಯ ಎರಡು ತೊಟ್ಟಿಗಳಲ್ಲಿ ಎರಡು ವಸ್ತುಗಳನ್ನು ಪಕ್ಕಪಕ್ಕದಲ್ಲಿಟ್ಟು, ಪ್ರತಿದಿನ ಅವುಗಳ ಎಡಬಲಗಳನ್ನು ಬದಲಿಸುತ್ತ, ಹತ್ತು ಹದಿನೈದು ದಿನ ಯಾವುದರಲ್ಲಿ ಎಷ್ಟು ಬಾರಿ ಎಂದು ಗುರುತು ಹಾಕಿಕೊಳ್ಳುವುದು. ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳು ಯಾವ ಉಪಕರಣವೂ ಇಲ್ಲದೆ ಮನೆಯಲ್ಲಿಯೇ ಮಾಡಬಹುದಾದ ಪ್ರಯೋಗವಿದು. ಎಡಬಲಗಳನ್ನು ಏಕೆ ಬದಲಿಸಬೇಕೆಂಬುದನ್ನು ಅವರೇ ಯೋಚಿಸಿ ಹೇಳಲಿ.

ತೊಟ್ಟಿಯಷ್ಟೇ ಮುಖ್ಯವಾದುದು ಅದನ್ನಿಡುವ ಜಾಗ. ವಿಸರ್ಜನೆಯ ಸಮಯದಲ್ಲಿ ಯಾವ ಪ್ರಾಣಿಯಾದರೂ ಶತ್ರುವಿಗೆ ಸುಲಭವಾಗಿ ಸಿಕ್ಕುವ ಸ್ಥಿತಿಯಲ್ಲಿರುತ್ತದೆ. ಬೆಕ್ಕು ಅದನ್ನು ಮರೆಯುವುದಿಲ್ಲ. ದೊಡ್ಡಬಳ್ಳಾಪುರದ ನೇಕಾರರ ಮನೆಗಳಲ್ಲಿ ವಾಸದ ಜಾಗಕ್ಕೆ ಹೊಂದಿಕೊಂಡೇ ವಿದ್ಯುತ್ ಮಗ್ಗಗಳಿರುವುದುಂಟು. ಮಗ್ಗದ ಗದ್ದಲಕ್ಕೆ ಬೆಕ್ಕು ಒಗ್ಗಿಕೊಳ್ಳಬಹುದು. ಆದರೆ ನಿಂತಿದ್ದ ಮಗ್ಗ ಬೆಕ್ಕು ತೊಟ್ಟಿಯಲ್ಲಿ ಕುಳಿತಿರುವಾಗಲೇ ಹಠಾತ್ತನೆ ಆರಂಭವಾದರೆ, ತೆನಾಲಿಯ ಬೆಕ್ಕಿನ ಕಥೆ ಮರುಕಳಿಸುತ್ತದೆ. ಬಟ್ಟೆ ಒಗೆಯುವ ಯಂತ್ರದ ಪಕ್ಕದಲ್ಲಿ ತೊಟ್ಟಿಯಿಡುವ ಪೇಟೆಯ ಮನೆಗಳಲ್ಲಿಯೂ ಇದೇ ತೊಂದರೆ. ಊಟದ ತಟ್ಟೆಯ ಬಳಿಯಲ್ಲಿಯೂ ಇಡಬಾರದು. ತಿನ್ನುವ ಜಾಗವನ್ನು ಬೆಕ್ಕು ಹೊಲಸು ಮಾಡಿಕೊಳ್ಳಲು ಒಪ್ಪುವುದಿಲ್ಲ. ಎರಡು ಕಡೆಗಳಿಂದ ಪಾರಾಗಲು ಅವಕಾಶವಿರುವ, ಜನರ ಓಡಾಟ ಕಡಮೆಯಿರುವ, ಹಗಲೂ ರಾತ್ರಿಯೂ ಬಾಗಿಲು ಮುಚ್ಚದ ಮೂಲೆ ಉತ್ತಮ. ಹೊರಗೆ ಹೋಗಿ ಬರುವ ಅಭ್ಯಾಸವಿರುವ ಬೆಕ್ಕು ಮಳೆಗಾಲದಲ್ಲಿ ಮಾತ್ರ ಒಳಗೆ ಹೊಲಸು ಮಾಡಿದರೆ, ಕೆಸರಾದ ನೆಲವೂ ಬೀದಿನಾಯಿಗಳೂ ಅದಕ್ಕೆ ಕಾರಣವಿರಬಹುದು. ಆ ಕೆಲವು ತಿಂಗಳು ಜಗಲಿಯ ಸೂರಿನಡಿ ಒಂದು ತೊಟ್ಟಿಯಿಟ್ಟರೆ ತೊಂದರೆ ನೀಗುತ್ತದೆ.

ಇಲ್ಲಿ ಒಂದು ಭೇದವನ್ನು ಗಮನಿಸತಕ್ಕದ್ದು. ಬೆಕ್ಕು ನಿಂತುಕೊಂಡು, ಬಾಲವನ್ನು ನೆಟ್ಟಗೆತ್ತಿ ನಡುಗಿಸುತ್ತ, ಗೋಡೆಗೋ ಬಾಗಿಲಿಗೋ ಮೂತ್ರವನ್ನು ಸಿಂಪಡಿಸಿದರೆ ಅದು ತೊಟ್ಟಿಯ ವಿಮುಖತೆಯಲ್ಲ. ಇದು ತನ್ನ ನೆಲೆಯನ್ನು ಇತರ ಬೆಕ್ಕುಗಳಿಗೆ ಸಾರುವ ವಿಧಾನ. ಹೀಗೆ ಮಾಡುವವು ಹೆಚ್ಚಾಗಿ ಬೀಜ ತೆಗೆಸದ ಗಂಡುಗಳು; ಕಿಟಕಿಯಾಚೆ ಅನ್ಯ ಬೆಕ್ಕೊಂದು ಸುಳಿದಾಡುವುದೇ ಪ್ರಚೋದನೆಯಾಗುತ್ತದೆ. ತೊಟ್ಟಿಯನ್ನು ಎಷ್ಟು ಬದಲಿಸಿದರೂ ಇದು ನಿಲ್ಲುವುದಿಲ್ಲ. ಶಸ್ತ್ರಚಿಕಿತ್ಸೆಯಿಂದ ಬೀಜ ತೆಗೆಸಿದ ಗಂಡುಬೆಕ್ಕುಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಈ ಅಭ್ಯಾಸವನ್ನು ಬಿಡುತ್ತವೆ ಅಥವಾ ಬಹಳ ಮಟ್ಟಿಗೆ ಕಡಮೆ ಮಾಡುತ್ತವೆ.

ಹೊಲಸಾದ ಜಾಗವನ್ನು ಶುಚಿಗೊಳಿಸುವಲ್ಲಿ ನಮ್ಮ ಮನೆಗಳಲ್ಲಿ ಒಂದು ಅಪಾಯಕರವಾದ ರೂಢಿಯಿದೆ. ವಾಸನೆ ಬಂದೊಡನೆ ಫಿನಾಯಿಲು ಸುರಿಯುವುದು. ಬೆಕ್ಕಿನ ಯಕೃತ್ತು ಫಿನಾಲ್ ವರ್ಗದ ದ್ರವ್ಯಗಳನ್ನು ಗ್ಲೂಕುರಾನಿಕ್ ಆಮ್ಲದೊಡನೆ ಬೆಸೆದು ಹೊರಹಾಕುವ ಶಕ್ತಿಯನ್ನು ಬಹುಮಟ್ಟಿಗೆ ಕಳೆದುಕೊಂಡಿದೆ. ಆ ಕೆಲಸಕ್ಕೆ ಬೇಕಾದ ಜೀನುಗಳಲ್ಲಿ ಮುಖ್ಯವಾದೊಂದು ಅದರಲ್ಲಿ ನಿಷ್ಕ್ರಿಯವಾಗಿರುವುದೇ ಇದಕ್ಕೆ ಕಾರಣ. ನಾಯಿಗೂ ಮನುಷ್ಯನಿಗೂ ಅಷ್ಟಾಗಿ ತೊಂದರೆ ಮಾಡದ ಪ್ರಮಾಣ ಬೆಕ್ಕಿಗೆ ವಿಷವಾಗಬಹುದು. ಫಿನಾಯಿಲು ಒರೆಸಿದ ನೆಲದ ಮೇಲೆ ನಡೆದ ಬೆಕ್ಕು ತನ್ನ ಅಂಗಾಲನ್ನು ತಾನೇ ನೆಕ್ಕಿಕೊಳ್ಳುತ್ತದೆಂಬುದನ್ನು ಮರೆಯಬಾರದು. ತೊಟ್ಟಿಯನ್ನು ಫಿನಾಯಿಲಿನಿಂದ ತೊಳೆಯುವುದು ಇನ್ನೂ ಕೆಟ್ಟದ್ದು. ರೇಷ್ಮೆಹುಳು ಸಾಕುವವರು ತಮ್ಮ ಮನೆಗಳನ್ನು ಬ್ಲೀಚಿಂಗ್ ಪುಡಿ ಮತ್ತು ಸುಣ್ಣಗಳಿಂದ ಸೋಂಕು ನಿವಾರಣೆ ಮಾಡುವ ದಿನಗಳಲ್ಲಿಯೂ ಬೆಕ್ಕನ್ನು ದೂರವಿಡಬೇಕು. ಅಮೋನಿಯ ಕೂಡಿದ ದ್ರವಗಳ ವಾಸನೆ ಮೂತ್ರವನ್ನೇ ಹೋಲುವುದರಿಂದ ಅವು ಬೆಕ್ಕನ್ನು ಅದೇ ಜಾಗಕ್ಕೆ ಮತ್ತೆ ಕರೆತರುತ್ತವೆ. ತೊಟ್ಟಿಗೆ ವಾಸನೆಯಿಲ್ಲದ ಸಾಬೂನು ಮತ್ತು ಬಿಸಿನೀರು ಸಾಕು. ಬಟ್ಟೆ ಹಾಸಿಗೆಗಳಿಗೆ ಮೂತ್ರದ ಅಂಶಗಳನ್ನು ಕಿಣ್ವಗಳಿಂದ ಒಡೆಯುವ ಶೋಧಕಗಳು ದೊರೆಯುತ್ತವೆ. ತಾಜಾ ಕಲೆಗೆ ನೀರು ಬೆರೆಸಿದ ವಿನೆಗರ್ ಕೂಡ ತಕ್ಕಮಟ್ಟಿಗೆ ಉಪಯುಕ್ತ.

ಕೆಟ್ಟ ಅಭ್ಯಾಸ ಬಲಿತ ಬೆಕ್ಕನ್ನು ಮತ್ತೆ ತೊಟ್ಟಿಗೆ ತರುವುದು ತಾಳ್ಮೆಯ ಕೆಲಸ. ಹಾಸಿಗೆಯಂಥ ಜಾಗಗಳಿಗೆ ಕೆಲವು ವಾರ ಬೆಕ್ಕಿಗೆ ಪ್ರವೇಶವಿಲ್ಲದಂತೆ ಮಾಡಿ, ಒಂದು ಸಣ್ಣ ಕೋಣೆಯಲ್ಲಿ ನೀರು, ಆಹಾರ, ಮಲಗುವ ಚೀಲ, ಅವುಗಳಿಂದ ದೂರವಾಗಿ ಹೊಸ ತೊಟ್ಟಿ, ಇಷ್ಟನ್ನು ಒದಗಿಸಬೇಕು. ತಪ್ಪದೆ ತೊಟ್ಟಿಯನ್ನು ಬಳಸತೊಡಗಿದ ಮೇಲೆ ಕ್ರಮವಾಗಿ ಉಳಿದ ಮನೆಯನ್ನು ತೆರೆಯಬೇಕು. ಒಂದೇ ನಿಶ್ಚಿತವ ಮೂಲೆಯಲ್ಲಿ ಹೊಲಸು ಮಾಡುವ ಬೆಕ್ಕಿಗೆ ತೊಟ್ಟಿಯನ್ನು ಆ ಮೂಲೆಯಲ್ಲಿಯೇ ಇಟ್ಟು, ಅದು ರೂಢಿಯಾದ ಬಳಿಕ ದಿನಕ್ಕೊಂದು ಗೇಣಿನಂತೆ ಬೇಕಾದ ಜಾಗಕ್ಕೆ ಸರಿಸಿಕೊಂಡು ಹೋಗಬಹುದು. ಕೆಂಪು ಮಣ್ಣಿನಿಂದ ಅಂಗಡಿಯ ಲಿಟರ್‌ಗೆ ಒಗ್ಗಿಸುವುದೂ ಹೀಗೆಯೇ: ಮೊದಲು ಮಣ್ಣೇ ಹೆಚ್ಚು, ವಾರವಾರಕ್ಕೆ ಲಿಟರಿನ ಪಾಲು ಹೆಚ್ಚು. ಇದನ್ನು ಎರಡು ದಿನಗಳಲ್ಲಿ ಮುಗಿಸಹೊರಟವರು ಮೊದಲಿನಿಂದ ಪ್ರಾರಂಭಿಸಬೇಕಾಗುತ್ತದೆ.

ತೊಟ್ಟಿಯನ್ನು ಶುಚಿಮಾಡುವವರ ಆರೋಗ್ಯದ ಬಗೆಗೂ ಒಂದು ಮಾತು. ಟಾಕ್ಸೊಪ್ಲಾಸ್ಮ ಎಂಬ ಏಕಕೋಶಜೀವಿಯನ್ನು ೧೯೦೮ರಲ್ಲಿ ಟ್ಯುನಿಸ್ ನಗರದಲ್ಲಿ ನಿಕೋಲ್ ಮತ್ತು ಮಾನ್ಸೊ ಎಂಬವರು ಗುರುತಿಸಿದರು; ಅದು ಬೆಕ್ಕಿನ ಮಲದ ಮೂಲಕ ಹರಡುವ ವಿಧಾನ ಪೂರ್ಣವಾಗಿ ತಿಳಿದದ್ದು ೧೯೭೦ರ ಸುಮಾರಿನಲ್ಲಿ. ಮಲದೊಡನೆ ಹೊರಬಿದ್ದ ಅದರ ಕೋಶಗಳು ಸೋಂಕು ತರುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಬೇಕು. ಆದುದರಿಂದ ದಿನದಿನವೂ ತೊಟ್ಟಿಯನ್ನು ಶುಚಿಗೊಳಿಸುವುದು ಬೆಕ್ಕಿನ ಮನಸ್ಸಿಗೂ ಮನುಷ್ಯನ ಆರೋಗ್ಯಕ್ಕೂ ಒಟ್ಟಿಗೆ ಹಿತಕರ. ಗರ್ಭಿಣಿಯರು ಈ ಕೆಲಸವನ್ನು ಇತರರಿಗೆ ಬಿಡಬೇಕು. ಅದಕ್ಕಾಗಿ ಬೆಕ್ಕನ್ನೇ ಮನೆಯಿಂದ ಕಳಿಸಬೇಕಾಗಿಲ್ಲ. ತೆಗೆದ ಹೊಲಸನ್ನು ಸೊಪ್ಪಿನ ಮಡಿಗಳಿಗಾಗಲಿ ತರಕಾರಿಗೆ ಹೋಗುವ ಗೊಬ್ಬರಕ್ಕಾಗಲಿ ಸೇರಿಸದೆ ದೂರದಲ್ಲಿ ಆಳವಾಗಿ ಹೂಳಬೇಕು.

ಕಡೆಯದಾಗಿ ಮುದಿ ಬೆಕ್ಕಿನ ವಿಚಾರ. ಹತ್ತು ಹನ್ನೆರಡು ವರ್ಷ ತೊಟ್ಟಿಯನ್ನು ತಪ್ಪದೆ ಬಳಸಿದ ಬೆಕ್ಕು ಒಂದು ದಿನ ತೊಟ್ಟಿಯ ಪಕ್ಕದಲ್ಲಿಯೇ, ಹೊರಗಡೆ, ವಿಸರ್ಜಿಸತೊಡಗುತ್ತದೆ. ತೊಟ್ಟಿಯವರೆಗೆ ಬಂದಿದೆ, ಒಳಗೆ ಹೋಗಿಲ್ಲ. ರೋಗಪರೀಕ್ಷೆಗೆ ಇದಕ್ಕಿಂತ ಸ್ಪಷ್ಟವಾದ ಸುಳಿವು ಬೇಕಾಗಿಲ್ಲ. ಅದರ ಸೊಂಟದ ಮತ್ತು ಮೊಣಕಾಲಿನ ಕೀಲುಗಳು ಸವೆದು, ಗೇಣೆತ್ತರದ ಅಂಚನ್ನು ದಾಟುವುದು ನೋವಿನ ಕೆಲಸವಾಗಿರುತ್ತದೆ. ವೈದ್ಯರು ನೋವಿಗೆ ಔಷಧ ಕೊಡುತ್ತಾರೆ. ಮನೆಯವರು ಮಾಡಬೇಕಾದುದಿಷ್ಟೇ: ಟಬ್ಬಿನ ಒಂದು ಪಕ್ಕವನ್ನು ನೆಲದಿಂದ ಎರಡು ಮೂರು ಬೆರಳಿನಷ್ಟು ಬಿಟ್ಟು ಕತ್ತರಿಸಿ, ಕತ್ತರಿಸಿದ ಅಂಚನ್ನು ಉಜ್ಜಿ ನುಣುಪು ಮಾಡಿ, ಆ ಬಾಗಿಲಿನ ಮುಂದೆ ಕಾಲು ಜಾರದಂತೆ ಒಂದು ಗೋಣಿತಟ್ಟನ್ನು ಹಾಸುವುದು.